ಕತ್ತರಿಸಿ ಬಿಸುಟ ತುಣುಕಿನ ಉದ್ದ: ಅಜೀಜ್ ಸಂಜಾರ್ ಅವರ ಡಿಎನ್‌ಎ ದುರಸ್ತಿ ಸಂಶೋಧನೆ ಕುರಿತು ಒಂದು ಟಿಪ್ಪಣಿ

2015ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರ ಡಿಎನ್‌ಎ ದುರಸ್ತಿಯನ್ನು ಅಭ್ಯಾಸ ಮಾಡಿದ ಮೂವರಿಗೆ ಸಂದಿತು. ಡಿಎನ್‌ಎಯ ಒಂಟಿ ಅಕ್ಷರ ಕೆಟ್ಟಾಗ ಅದನ್ನಷ್ಟೇ ಕಿತ್ತು ಹಾಕುವ ಕಿಣ್ವಗಳನ್ನು ಸ್ವೀಡನ್ನಿನ ಥಾಮಸ್ ಲಿಂಡಾಲ್ ಕಂಡುಹಿಡಿದಿದ್ದರು. ನಕಲಾಗುವಾಗ ತಪ್ಪಾಗಿ ಜೋಡಿಯಾದ ಅಕ್ಷರಗಳನ್ನು ಕೋಶ ಹೇಗೆ ತಿದ್ದಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಪಾಲ್ ಮಾಡ್ರಿಚ್ ತೋರಿಸಿದ್ದರು. ತುರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅಜೀಜ್ ಸಂಜಾರ್ ಅವರ ಪಾಲಿಗೆ ಬಂದದ್ದು ಮೂರನೆಯ ಬಗೆ: ಕೆಟ್ಟ ಜಾಗದ ಸುತ್ತಲಿನ ಎಳೆಯನ್ನೇ ಕತ್ತರಿಸಿ ತೆಗೆಯುವ ನ್ಯೂಕ್ಲಿಯೊಟೈಡ್ ಛೇದನ ದುರಸ್ತಿ. ಮೂವರ ಕೆಲಸವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಈ ಟಿಪ್ಪಣಿ ಸಂಜಾರ್ ಒಬ್ಬರನ್ನೇ ಹಿಡಿದು, ಅವರ ಕೆಲಸದಲ್ಲೂ ಒಂದೇ ಎಳೆಯ ಬೆನ್ನು ಹತ್ತುತ್ತದೆ. ಜೀವಕೋಶ ಕತ್ತರಿಸಿ ಎಸೆಯುವ ಆ ತುಣುಕು ಎಷ್ಟು ಉದ್ದ? ಎಸೆದ ಮೇಲೆ ಅದು ಏನಾಗುತ್ತದೆ? ಕೇಳಲು ಕ್ಷುಲ್ಲಕವೆನಿಸುವ ಈ ಪ್ರಶ್ನೆಗಳನ್ನು ಸಂಜಾರ್ ಮೂರು ದಶಕಗಳ ಕಾಲ ಕೈಬಿಡಲಿಲ್ಲ. ಅವರಿಗೆ ಸಿಕ್ಕ ಮುಖ್ಯ ಫಲಿತಾಂಶಗಳಲ್ಲಿ ಹೆಚ್ಚಿನವು ಈ ಕಸವನ್ನು ಎಚ್ಚರದಿಂದ ಅಳೆದುದರಿಂದಲೇ ಬಂದವು ಎಂಬುದು ನನ್ನ ವಾದ. ಕ್ಯಾನ್ಸರ್ ಚಿಕಿತ್ಸೆಗೆ ಅದರಿಂದ ಎಷ್ಟು ಒದಗಿದೆ, ಎಷ್ಟು ಒದಗಿಲ್ಲ ಎಂಬುದನ್ನೂ ನೋಡಬೇಕು. ಈ ವಿಷಯದಲ್ಲಿ ಸುದ್ದಿ ಪ್ರಯೋಗಾಲಯಕ್ಕಿಂತ ಮುಂದೆ ಓಡುವುದು ಹೆಚ್ಚು.

ಮೊದಲು ಗಾಯದ ಸ್ವರೂಪ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಡಿಎನ್‌ಎ ಮೇಲೆ ಬಿದ್ದಾಗ, ಒಂದೇ ಎಳೆಯಲ್ಲಿ ಅಕ್ಕಪಕ್ಕ ಕುಳಿತ ಎರಡು ಥೈಮಿನ್‌ಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇದೇ ಥೈಮಿನ್ ಡೈಮರ್. ಹೀಗೆ ಬೆಸೆದ ಜಾಗದಲ್ಲಿ ಎಳೆ ಸೊಟ್ಟಗಾಗುತ್ತದೆ. ನಕಲು ಮಾಡುವ ಕಿಣ್ವ ಅಲ್ಲಿ ತಡವರಿಸುತ್ತದೆ, ಇಲ್ಲವೇ ತಪ್ಪು ಅಕ್ಷರ ಕೂರಿಸಿ ಮುಂದೆ ಹೋಗುತ್ತದೆ. ಆ ತಪ್ಪು ಶಾಶ್ವತವಾದರೆ ಅದು ಉತ್ಪರಿವರ್ತನೆ. ಕೋಶದ ವಿಭಜನೆಗೆ ಕಡಿವಾಣ ಹಾಕುವ ವಂಶವಾಹಿಗಳಲ್ಲಿ ಇಂಥ ತಪ್ಪುಗಳು ಕೂಡುತ್ತಾ ಹೋದರೆ ಕ್ಯಾನ್ಸರಿನ ದಾರಿ ತೆರೆಯುತ್ತದೆ. ತಂಬಾಕಿನ ಹೊಗೆಯಲ್ಲಿರುವ ಬೆಂಜೊಪೈರೀನ್ ದೇಹದೊಳಗೆ ರೂಪ ಬದಲಿಸಿಕೊಂಡು ಗ್ವಾನಿನ್‌ಗೆ ಅಂಟಿಕೊಳ್ಳುತ್ತದೆ. ಕ್ಯಾನ್ಸರಿಗೇ ಕೊಡುವ ಔಷಧಿ ಸಿಸ್‌ಪ್ಲಾಟಿನ್ ಕೂಡ ಗ್ವಾನಿನ್‌ಗೇ ಅಂಟುತ್ತದೆ. ರಾಸಾಯನಿಕವಾಗಿ ಇವು ಮೂರೂ ಬೇರೆ ಬೇರೆ. ಆದರೆ ಮೂರೂ ಎಳೆಯನ್ನು ವಿರೂಪಗೊಳಿಸುವ ದೊಡ್ಡ ಗಾಯಗಳಾದ್ದರಿಂದ ಅವನ್ನು ತೆಗೆಯುವ ವ್ಯವಸ್ಥೆ ಒಂದೇ. ಕ್ಯಾನ್ಸರಿಗೂ ಈ ದುರಸ್ತಿಗೂ ಇರುವ ಸಂಬಂಧ ಎರಡು ಮುಖದ್ದು ಎನ್ನುವುದು ಇದೇ ಕಾರಣಕ್ಕೆ.

ಇಂಥದೊಂದು ದುರಸ್ತಿ ಇದೆ ಎಂಬುದು 1964ರಲ್ಲೇ ಗೊತ್ತಾಗಿತ್ತು. ಓಕ್ ರಿಜ್‌ನಲ್ಲಿ ರಿಚರ್ಡ್ ಸೆಟ್ಲೊ ಮತ್ತು ವಿಲಿಯಂ ಕ್ಯಾರಿಯರ್, ಯೇಲ್‌ನಲ್ಲಿ ಪಾಲ್ ಹೋವರ್ಡ್-ಫ್ಲಾಂಡರ್ಸ್ ಮತ್ತು ರಿಚರ್ಡ್ ಬಾಯ್ಸ್ ಬ್ಯಾಕ್ಟೀರಿಯಾಗಳಿಗೆ ಅತಿನೇರಳೆ ಕಿರಣ ಹಾಯಿಸಿ, ಥೈಮಿನ್ ಡೈಮರ್‌ಗಳು ಉದ್ದನೆಯ ಡಿಎನ್‌ಎಯಿಂದ ಮಾಯವಾಗಿ ಚಿಕ್ಕ ತುಣುಕುಗಳಲ್ಲಿ ಕಾಣಿಸಿಕೊಳ್ಳುವುದನ್ನು ನೋಡಿದರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ಫಿಲಿಪ್ ಹನವಾಲ್ಟ್ ಮತ್ತು ಡೇವಿಡ್ ಪೆಟಿಜಾನ್, ತೆಗೆದ ಜಾಗವನ್ನು ಹೊಸ ಡಿಎನ್‌ಎ ತುಂಬುವುದಕ್ಕೆ ಸಾಕ್ಷ್ಯ ಕೊಟ್ಟರು. ಅಂದರೆ ಬಿಸುಟ ತುಣುಕನ್ನು ಮೊದಲು ಕಂಡವರು ಸಂಜಾರ್ ಅಲ್ಲ. ಆದರೆ ಅದರ ಉದ್ದವನ್ನು ಯಾರೂ ಸರಿಯಾಗಿ ಅಳೆದಿರಲಿಲ್ಲ. ಗಾಯದ ಪಕ್ಕದಲ್ಲಿ ಒಂದು ಕಿಣ್ವ ಒಂದು ಕಡೆ ಮಾತ್ರ ಕತ್ತರಿ ಹಾಕುತ್ತದೆ, ಬಳಿಕ ಇನ್ನೊಂದು ಕಿಣ್ವ ಆ ತುದಿಯಿಂದ ಅಕ್ಷರಗಳನ್ನು ಒಂದೊಂದಾಗಿ ಕಡಿಯುತ್ತಾ ಗಾಯವನ್ನು ದಾಟುತ್ತದೆ ಎಂಬ ಊಹೆ ಮುಂದಿನ ಸುಮಾರು ಇಪ್ಪತ್ತು ವರ್ಷ ಚಲಾವಣೆಯಲ್ಲಿತ್ತು.

ಸಂಜಾರ್ ಹುಟ್ಟಿದ್ದು 1946ರಲ್ಲಿ, ತುರ್ಕಿಯ ಆಗ್ನೇಯ ಭಾಗದ ಮಾರ್ದಿನ್ ಪ್ರಾಂತ್ಯದ ಸವೂರ್ ಎಂಬ ಪುಟ್ಟ ಊರಿನಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವರು. ತಂದೆತಾಯಿಗೆ ಓದುಬರಹ ಬರುತ್ತಿರಲಿಲ್ಲ, ಮಕ್ಕಳು ಓದಲೇಬೇಕೆಂಬ ಹಟ ಮಾತ್ರ ಇತ್ತು. ಇಸ್ತಾಂಬುಲ್‌ನಲ್ಲಿ 1969ರಲ್ಲಿ ವೈದ್ಯಪದವಿ ಮುಗಿಸಿ, ತಮ್ಮ ಊರಿನ ಕಡೆಯೇ ಸುಮಾರು ಎರಡು ವರ್ಷ ವೈದ್ಯರಾಗಿ ದುಡಿದರು. ಜಾನ್ಸ್ ಹಾಪ್ಕಿನ್ಸ್‌ಗೆ ಹೋದ ಮೊದಲ ಸಲ ಅಲ್ಲಿ ಒಗ್ಗದೆ ಹಿಂದಿರುಗಿ, ಆಮೇಲೆ ಮತ್ತೆ ಅಮೆರಿಕಕ್ಕೆ ಹೋಗಿ ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಕ್ಲಾಡ್ ರುಪರ್ಟ್ ಅವರ ಶಿಷ್ಯರಾದರು. ರುಪರ್ಟ್ ಅವರನ್ನೇ ಹುಡುಕಿಕೊಂಡು ಹೋದದ್ದಕ್ಕೆ ಕಾರಣ ಫೋಟೊಲಯೇಸ್ ಎಂಬ ಕಿಣ್ವ.

ಆ ಕಿಣ್ವದ ಕಥೆ ಸ್ವಲ್ಪ ವಿಚಿತ್ರ. ಅತಿನೇರಳೆ ಕಿರಣದಿಂದ ಸಾಯಬೇಕಾದ ಸೂಕ್ಷ್ಮಜೀವಿಗಳು ಬೆಳಕಿನಲ್ಲಿಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತವೆ ಎಂಬುದನ್ನು 1949ರಲ್ಲಿ ಆಲ್ಬರ್ಟ್ ಕೆಲ್ನರ್ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಗಮನಿಸಿದರು. ಅದೇ ವರ್ಷ ರೆನಾಟೊ ದುಲ್‌ಬೆಕೊ ಬ್ಯಾಕ್ಟೀರಿಯಾಗಳ ವೈರಸ್‌ನಲ್ಲಿ ಇದನ್ನೇ ಕಂಡರು. ಕತ್ತಲಲ್ಲಿಟ್ಟರೆ ಸಾವು, ಬೆಳಕಿಗೆ ತಂದರೆ ಜೀವ. ಇದಕ್ಕೆ ಕಾರಣವಾದ ಕಿಣ್ವವನ್ನು ಗುರುತಿಸಿದವರೇ ರುಪರ್ಟ್. ಫೋಟೊಲಯೇಸ್ ನೀಲಿ ಬೆಳಕಿನ ಶಕ್ತಿಯನ್ನು ಹೀರಿ, ಬೆಸೆದ ಎರಡು ಥೈಮಿನ್‌ಗಳ ನಡುವಿನ ಬಂಧವನ್ನು ಮುರಿಯುತ್ತದೆ. ಏನನ್ನೂ ಕತ್ತರಿಸುವುದಿಲ್ಲ, ಎಸೆಯುವುದೂ ಇಲ್ಲ. ಒಂದು ಬ್ಯಾಕ್ಟೀರಿಯಾ ಕೋಶದಲ್ಲಿ ಈ ಕಿಣ್ವದ ಅಣುಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಅದನ್ನು ಬೇರ್ಪಡಿಸುವುದು ಕಷ್ಟವಾಗಿತ್ತು. ಸಂಜಾರ್ 1976ರಲ್ಲಿ ಅದರ ವಂಶವಾಹಿಯನ್ನು ಕ್ಲೋನ್ ಮಾಡಿ, ಬ್ಯಾಕ್ಟೀರಿಯಾ ಅದನ್ನು ಹೇರಳವಾಗಿ ತಯಾರಿಸುವಂತೆ ಮಾಡಿದರು. ವಂಶವಾಹಿ ಕ್ಲೋನಿಂಗ್ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ ಅದು. ಒಬ್ಬ ಡಾಕ್ಟರೇಟ್ ವಿದ್ಯಾರ್ಥಿಯ ಮಟ್ಟಿಗೆ ಸಾಹಸವೇ ಸರಿ.

ಆದರೂ 1977ರಲ್ಲಿ ಪದವಿ ಕೈಗೆ ಬಂದಾಗ ಅವರಿಗೆ ಸಂಶೋಧಕನ ಹುದ್ದೆ ಸಿಗಲಿಲ್ಲ. ಮೂರು ಪ್ರಯೋಗಾಲಯಗಳಿಗೆ ಬರೆದ ಅರ್ಜಿಗಳು ತಿರಸ್ಕೃತವಾದವು. ಯೇಲ್‌ನಲ್ಲಿ ಡೀನ್ ರಪ್ ಅವರ ಪ್ರಯೋಗಾಲಯಕ್ಕೆ ಸೇರಿದ್ದು ತಂತ್ರಜ್ಞನಾಗಿ. ಇದನ್ನು ಬಡತನದಿಂದ ಬೆಳೆದ ಸಾಧಕನ ಕಥೆಯಾಗಿ ಹೇಳುವವರಿದ್ದಾರೆ. ನನಗೆ ಮುಖ್ಯವೆನಿಸುವುದು ಬೇರೆ: ಬೆಳಕಿಲ್ಲದೆ ಕತ್ತಲಲ್ಲೂ ನಡೆಯುವ ದುರಸ್ತಿಗೆ, ಅಂದರೆ ಛೇದನ ದುರಸ್ತಿಗೆ, ಅವರು ಹೊರಳಿದ್ದು ಯೇಲ್‌ನಲ್ಲಿ, ಹೋವರ್ಡ್-ಫ್ಲಾಂಡರ್ಸ್ ಇದ್ದ ಅದೇ ವಿಶ್ವವಿದ್ಯಾಲಯದಲ್ಲಿ.

ಈ ದುರಸ್ತಿಗೆ ಬೇಕಾದ ಮೂರು ವಂಶವಾಹಿಗಳ ಹೆಸರು ಆಗಲೇ ಗೊತ್ತಿತ್ತು: ಯುವಿಆರ್‌ಎ, ಯುವಿಆರ್‌ಬಿ, ಯುವಿಆರ್‌ಸಿ. ಅವು ತಯಾರಿಸುವ ಪ್ರೋಟೀನುಗಳು ಮಾತ್ರ ಯಾರ ಕೈಗೂ ಶುದ್ಧ ರೂಪದಲ್ಲಿ ಸಿಕ್ಕಿರಲಿಲ್ಲ. 1979ರಲ್ಲಿ ಸಂಜಾರ್ ಮತ್ತು ರಪ್ ಪ್ರಕಟಿಸಿದ ‘ಮ್ಯಾಕ್ಸಿಸೆಲ್’ ವಿಧಾನ ಈ ತೊಡಕು ಬಿಡಿಸಿತು. ದುರಸ್ತಿಯ ಶಕ್ತಿ ಇಲ್ಲದ ಬ್ಯಾಕ್ಟೀರಿಯಾ ತಳಿಗೆ ಅತಿನೇರಳೆ ಕಿರಣ ಹಾಯಿಸಿದರೆ ಅದರ ಉದ್ದನೆಯ ವರ್ಣತಂತು ಗಾಯಗೊಂಡು ನಶಿಸುತ್ತದೆ. ಅದೇ ಕೋಶದಲ್ಲಿರುವ ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಉಂಗುರ ತೀರಾ ಚಿಕ್ಕದು. ಹಲವು ಪ್ಲಾಸ್ಮಿಡ್‌ಗಳು ಗಾಯ ತಗಲದೆ ಉಳಿದು ಸಂಖ್ಯೆಯಲ್ಲಿ ಹೆಚ್ಚುತ್ತವೆ. ಈಗ ಆ ಕೋಶಕ್ಕೆ ವಿಕಿರಣಶೀಲ ಅಮೈನೊ ಆಮ್ಲ ಉಣಿಸಿದರೆ, ಗುರುತು ಹತ್ತುವುದು ಪ್ಲಾಸ್ಮಿಡ್‌ನಲ್ಲಿ ನಾವು ಸೇರಿಸಿದ ವಂಶವಾಹಿಯ ಪ್ರೋಟೀನಿಗೆ ಮಾತ್ರ. ದುರಸ್ತಿಯಿಲ್ಲದ ಕೋಶದ ಸಾವನ್ನೇ ದುರಸ್ತಿಯ ಪ್ರೋಟೀನು ಹುಡುಕುವ ಸಾಧನ ಮಾಡಿಕೊಂಡ ಜಾಣ್ಮೆ ಇಲ್ಲಿದೆ. ವಿಧಾನದ ಮೇಲೆ ಬರೆದ ಈ ಪ್ರಬಂಧ ಮುಂದೆ ಸಂಬಂಧವೇ ಇಲ್ಲದ ಎಷ್ಟೋ ಪ್ರಯೋಗಾಲಯಗಳಿಗೆ ಬಳಕೆಯಾಯಿತು.

ಮೂರೂ ಪ್ರೋಟೀನುಗಳನ್ನು ಶುದ್ಧಗೊಳಿಸಿ, ಗಾಯಗೊಂಡ ಡಿಎನ್‌ಎ ಜೊತೆ ಪರೀಕ್ಷಾನಳಿಕೆಯಲ್ಲಿ ಬೆರೆಸಿದಾಗ ಸಿಕ್ಕ ಫಲಿತಾಂಶ 1983ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಸಂಜಾರ್ ಉತ್ತರ ಕೆರೊಲೈನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್‌ಗೆ ಸೇರಿದ್ದರು. ಕಿಣ್ವ ಕತ್ತರಿ ಹಾಕಿದ್ದು ಒಂದು ಕಡೆಯಲ್ಲ, ಗಾಯದ ಎರಡೂ ಕಡೆ. ಒಂದು ಬದಿಯಲ್ಲಿ ಎಂಟನೆಯ ಬಂಧದಲ್ಲಿ, ಇನ್ನೊಂದು ಬದಿಯಲ್ಲಿ ನಾಲ್ಕನೆಯದರಲ್ಲೋ ಐದನೆಯದರಲ್ಲೋ. ನಡುವಿನಿಂದ ಕಳಚಿ ಬಂದ ತುಣುಕಿನ ಉದ್ದ 12 ಅಥವಾ 13 ನ್ಯೂಕ್ಲಿಯೊಟೈಡ್, ಅಂದರೆ ಅಷ್ಟು ಅಕ್ಷರ. ಗಾಯ ಥೈಮಿನ್ ಡೈಮರ್ ಇರಲಿ, ಬೇರೆ ರಾಸಾಯನಿಕ ಅಂಟಿದ್ದಿರಲಿ, ಅಳತೆ ಹೆಚ್ಚುಕಡಿಮೆ ಅದೇ. ಒಂದೊಂದೇ ಅಕ್ಷರ ಕಡಿಯುವ ಹಳೆಯ ಊಹೆ ನಿಜವಾಗಿದ್ದರೆ ಎಲ್ಲ ಉದ್ದದ ಚೂರುಗಳೂ ಸಿಗಬೇಕಿತ್ತು. ಅಳತೆಯ ಈ ನಿಖರತೆಯೇ ಜೋಡಿ ಕಡಿತಕ್ಕೆ ಸಾಕ್ಷಿಯಾಯಿತು.

ಇಲ್ಲಿ ಉಳಿದವರ ಪಾಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೂರೂ ವಂಶವಾಹಿಗಳ ಉತ್ಪನ್ನಗಳು ಒಟ್ಟಿಗೆ ಬೇಕು ಎಂಬುದನ್ನು ಕೋಶದ ಸಾರದಲ್ಲಿ ಮೊದಲು ತೋರಿಸಿದವರು ನಾರ್ವೆಯ ಎರ್ಲಿಂಗ್ ಸೀಬರ್ಗ್. ಜಾನ್ಸ್ ಹಾಪ್ಕಿನ್ಸ್‌ನ ಲಾರೆನ್ಸ್ ಗ್ರಾಸ್‌ಮನ್ ಗುಂಪು ಅದೇ 1983ರಲ್ಲಿ ಇದೇ ಕಿಣ್ವದ ಗುಣಗಳನ್ನು ಸ್ವತಂತ್ರವಾಗಿ ವರದಿ ಮಾಡಿತ್ತು. ಇನ್ನು ಹನವಾಲ್ಟ್: ದುರಸ್ತಿಯ ಶೋಧಕರಲ್ಲಿ ಒಬ್ಬರಾಗಿ, ಕೆಲಸದಲ್ಲಿ ತೊಡಗಿರುವ ವಂಶವಾಹಿಗಳು ಬೇಗ ದುರಸ್ತಿಯಾಗುತ್ತವೆ ಎಂದು 1980ರ ದಶಕದಲ್ಲಿ ತೋರಿಸಿದವರಾಗಿ, ಅವರ ಹೆಸರು ನೊಬೆಲ್ ಪಟ್ಟಿಯಲ್ಲಿ ಇಲ್ಲದ್ದು ಕ್ಷೇತ್ರದ ಹಲವರಿಗೆ ನೋವು ತಂದಿತು. ಒಂದು ಪುರಸ್ಕಾರ ಮೂವರಿಗಿಂತ ಹೆಚ್ಚು ಜನಕ್ಕೆ ಇಲ್ಲ ಎಂಬ ನಿಯಮ ಇಂಥ ಅನ್ಯಾಯಗಳನ್ನು ಹುಟ್ಟಿಸುತ್ತಲೇ ಇರುತ್ತದೆ.

ಬ್ಯಾಕ್ಟೀರಿಯಾದಿಂದ ಮನುಷ್ಯನತ್ತ ಬಂದರೆ ಕ್ಯಾನ್ಸರಿನ ಮಾತು ನೇರವಾಗಿ ಎದುರಾಗುತ್ತದೆ. ಕ್ಸೀರೊಡರ್ಮಾ ಪಿಗ್ಮೆಂಟೋಸಂ (ಎಕ್ಸ್‌ಪಿ) ಎಂಬ ವಂಶಪಾರಂಪರ್ಯ ರೋಗವನ್ನು ಹತ್ತೊಂಬತ್ತನೆಯ ಶತಮಾನದ ವಿಯೆನ್ನಾದಲ್ಲಿ ಮೋರಿಟ್ಜ್ ಕಪೋಸಿ ವಿವರಿಸಿದ್ದರು. ಈ ಮಕ್ಕಳ ಚರ್ಮ ಸ್ವಲ್ಪ ಬಿಸಿಲಿಗೂ ಸುಡುತ್ತದೆ, ಮುಖದ ತುಂಬ ಕಂದು ಚುಕ್ಕೆಗಳು ಏಳುತ್ತವೆ, ಚಿಕ್ಕ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ. ಇಪ್ಪತ್ತು ವರ್ಷದೊಳಗಿನವರಲ್ಲಿ ಚರ್ಮದ ಕ್ಯಾನ್ಸರಿನ ಅಪಾಯ ಸಾಮಾನ್ಯರಿಗಿಂತ ಸಾವಿರ ಪಟ್ಟಿಗೂ ಹೆಚ್ಚು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜೇಮ್ಸ್ ಕ್ಲೀವರ್ ಇಂಥ ರೋಗಿಗಳ ಚರ್ಮದ ಕೋಶಗಳನ್ನು ಬೆಳೆಸಿ, ಅತಿನೇರಳೆ ಕಿರಣ ತಗಲಿದ ಮೇಲೆ ಅವು ಗಾಯವನ್ನು ತುಂಬಿಕೊಳ್ಳಲಾರವು ಎಂದು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಡಿಎನ್‌ಎ ದುರಸ್ತಿ ತಪ್ಪಿದರೆ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಮನುಷ್ಯರಲ್ಲಿ ಸಿಕ್ಕ ಮೊದಲ ಗಟ್ಟಿ ಆಧಾರ ಅದು. ಆಮೇಲೆ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಡಿರ್ಕ್ ಬೂಟ್ಸ್‌ಮಾ ಅವರ ಗುಂಪು ಬೇರೆ ಬೇರೆ ರೋಗಿಗಳ ಕೋಶಗಳನ್ನು ಕೂಡಿಸಿ ನೋಡಿ, ರೋಗ ಒಂದೇ ವಂಶವಾಹಿಯದಲ್ಲ ಎಂದು ಕಂಡುಕೊಂಡಿತು. ಇಂದು ಎಕ್ಸ್‌ಪಿಎಯಿಂದ ಎಕ್ಸ್‌ಪಿಜಿವರೆಗೆ ಏಳು ಗುಂಪುಗಳೂ, ಛೇದನ ದುರಸ್ತಿ ಸರಿಯಿದ್ದೂ ರೋಗ ತೋರುವ ಇನ್ನೊಂದು ಬಗೆಯೂ ಗೊತ್ತಿವೆ.

ಅಮೆರಿಕ, ಯುರೋಪುಗಳಲ್ಲಿ ಈ ರೋಗ ಸುಮಾರು ಹತ್ತು ಲಕ್ಷಕ್ಕೊಬ್ಬರಿಗೆ. ಜಪಾನಿನಲ್ಲಿ ಸುಮಾರು 22,000ಕ್ಕೊಬ್ಬರಿಗೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ರೋಗ ಕಾಣಿಸುವುದರಿಂದ, ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ಸಮಾಜಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದಲ್ಲಿ ಹೆಚ್ಚು ರೋಗಿಗಳು ಸಿಗುವುದಕ್ಕೆ ಇದೊಂದು ಕಾರಣ. ಸೋದರಮಾವ, ಅತ್ತೆಯ ಮಗ, ಮಾವನ ಮಗಳು ಎಂದು ಒಳಗೊಳಗೇ ಸಂಬಂಧ ಬೆಳೆಸುವ ನಮ್ಮ ಕರ್ನಾಟಕದ ಕುಟುಂಬಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಅಪಾಯ. ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂವರಿಗೆ ಭಯವಿಲ್ಲ ಎಂದುಕೊಳ್ಳುವುದು ತಪ್ಪು.

ಮನುಷ್ಯನ ಕೋಶದಲ್ಲೂ ಎರಡು ಕಡೆ ಕಡಿತವಾಗುತ್ತದೆಯೇ? ಸಂಜಾರ್ ಗುಂಪು ಇದಕ್ಕೆ ಆರಿಸಿಕೊಂಡ ಪ್ರಯೋಗ ಸರಳ. ಒಂದು ಡಿಎನ್‌ಎಯಲ್ಲಿ ನಿರ್ದಿಷ್ಟ ಜಾಗದಲ್ಲಿ ಒಂದೇ ಒಂದು ಥೈಮಿನ್ ಡೈಮರ್ ಕೂರಿಸಿ, ಅದರ ಹತ್ತಿರ ವಿಕಿರಣಶೀಲ ರಂಜಕದ ಗುರುತು ಇಟ್ಟು, ಮಾನವ ಕೋಶಗಳ ಸಾರದಲ್ಲಿ ಬಿಡುವುದು. ಕಳಚಿ ಬರುವ ಗುರುತಿನ ತುಣುಕನ್ನು ಜೆಲ್‌ನಲ್ಲಿ ಓಡಿಸಿ ಉದ್ದ ನೋಡುವುದು. 1992ರಲ್ಲಿ ಸಿಕ್ಕ ಉತ್ತರ: ಗಾಯದ ಒಂದು ಬದಿಗೆ 22ನೆಯ ಬಂಧ, ಇನ್ನೊಂದು ಬದಿಗೆ 6ನೆಯ ಬಂಧ ಕಡಿಯುತ್ತದೆ, ತುಣುಕಿನ ಉದ್ದ 27ರಿಂದ 29 ನ್ಯೂಕ್ಲಿಯೊಟೈಡ್. ಬ್ಯಾಕ್ಟೀರಿಯಾದಲ್ಲಿ ಮೂರು ಪ್ರೋಟೀನು ಮಾಡುವ ಕೆಲಸಕ್ಕೆ ಇಲ್ಲಿ ದೊಡ್ಡ ತಂಡವೇ ಬೇಕು. ಆ ಪ್ರೋಟೀನುಗಳಿಗೂ ಬ್ಯಾಕ್ಟೀರಿಯಾದವುಗಳಿಗೂ ವಂಶದ ನಂಟಿಲ್ಲ, ಜೋಡಿ ಕಡಿತದ ತತ್ವ ಮಾತ್ರ ಒಂದೇ. ಈ ಸಂಗತಿ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. 1995ರ ಹೊತ್ತಿಗೆ ಸಂಜಾರ್ ಗುಂಪು, ಜೊತೆಜೊತೆಗೇ ರಿಚರ್ಡ್ ವುಡ್ ಮತ್ತು ಲಿಂಡಾಲ್ ಅವರಿದ್ದ ಇಂಗ್ಲೆಂಡಿನ ಗುಂಪು, ಶುದ್ಧಗೊಳಿಸಿದ ಅಂಶಗಳಿಂದಲೇ ಮಾನವ ದುರಸ್ತಿಯನ್ನು ಪರೀಕ್ಷಾನಳಿಕೆಯಲ್ಲಿ ಮರುರೂಪಿಸಿದವು. ಈ ಪ್ರೋಟೀನುಗಳಲ್ಲಿ ಎಕ್ಸ್‌ಪಿಸಿ ಮತ್ತು ಎಕ್ಸ್‌ಪಿಎ ಗಾಯ ಗುರುತಿಸುವುದರಲ್ಲಿ, ಟಿಎಫ್‌ಐಐಎಚ್ ಎಳೆ ಬಿಚ್ಚುವುದರಲ್ಲಿ, ಆರ್‌ಪಿಎ ಬಿಚ್ಚಿದ ಎಳೆಯನ್ನು ಹಿಡಿದಿಡುವುದರಲ್ಲಿ ತೊಡಗುತ್ತವೆ. ಎಕ್ಸ್‌ಪಿಜಿ ಒಂದು ಬದಿಗೆ, ಎಕ್ಸ್‌ಪಿಎಫ್–ಇಆರ್‌ಸಿಸಿ1 ಜೋಡಿ ಇನ್ನೊಂದು ಬದಿಗೆ ಕತ್ತರಿ ಹಾಕುತ್ತವೆ. ಇವುಗಳಲ್ಲಿ ಎಕ್ಸ್‌ಪಿ ಹೆಸರಿನ ಪ್ರತಿಯೊಂದರ ಹಿಂದೆಯೂ ಬಿಸಿಲಿಗೆ ಹೊರಬರಲಾಗದ ಒಂದಷ್ಟು ಮಕ್ಕಳಿದ್ದಾರೆ.

ಇಲ್ಲಿಗೆ ಯಂತ್ರದ ವಿವರ ಮುಗಿಯಿತು ಎಂದು ಬೇರೆ ಯಾರಾದರೂ ಕೈತೊಳೆದುಕೊಳ್ಳುತ್ತಿದ್ದರೇನೋ. ಸಂಜಾರ್ ಗುಂಪು ತುಣುಕನ್ನು ಬಿಡಲಿಲ್ಲ. ಕಳಚಿದ ತುಣುಕು ಕೋಶದೊಳಗೆ ಒಡನೆಯೇ ಕರಗಿಹೋಗುವುದಿಲ್ಲ, ಟಿಎಫ್‌ಐಐಎಚ್ ಜೊತೆ ಬಿಗಿಯಾಗಿ ಅಂಟಿಕೊಂಡೇ ಹೊರಬೀಳುತ್ತದೆ ಎಂದು ಮೈಕೆಲ್ ಕೆಂಪ್ ಮತ್ತಿತರ ಸಹೋದ್ಯೋಗಿಗಳು 2012ರ ಸುಮಾರಿಗೆ ಕಂಡುಕೊಂಡರು. ಟಿಎಫ್‌ಐಐಎಚ್ ಅನ್ನು ಪ್ರತಿಕಾಯದಿಂದ ಹಿಡಿದು ಎಳೆದರೆ ತುಣುಕೂ ಕೈಗೆ ಬರುತ್ತದೆ. 2015ರ ಮೇ ತಿಂಗಳಲ್ಲಿ, ಅಂದರೆ ನೊಬೆಲ್ ಘೋಷಣೆಗೆ ಕೆಲವೇ ತಿಂಗಳ ಮೊದಲು, ‘ಜೀನ್ಸ್ ಆ್ಯಂಡ್ ಡೆವಲಪ್‌ಮೆಂಟ್’ ಪತ್ರಿಕೆಯಲ್ಲಿ ಬಂದ ಎಕ್ಸ್‌ಆರ್-ಸೀಕ್ ವಿಧಾನಕ್ಕೆ ಇದೇ ಅಡಿಪಾಯ. ಹಿಡಿದ ತುಣುಕುಗಳ ತುದಿಗಳಿಗೆ ಗುರುತಿನ ಚೂರು ಬೆಸೆದು, ಗಾಯವನ್ನೇ ಗುರುತಿಸುವ ಇನ್ನೊಂದು ಪ್ರತಿಕಾಯದಿಂದ ಸೋಸಿ, ಅಕ್ಷರ ಅಕ್ಷರ ಓದಿ, ಮಾನವ ಜೀನೋಮ್‌ನ ಯಾವ ಜಾಗದಿಂದ ಬಂದದ್ದು ಎಂದು ಪತ್ತೆ ಮಾಡುವುದು. ಒಂದು ತೊಡಕಿತ್ತು: ಗಾಯ ಇರುವ ತುಣುಕಿನ ನಕಲು ತೆಗೆಯಲು ಬರುವುದಿಲ್ಲ. ಅದಕ್ಕೆ ಮೊದಲು ಗಾಯವನ್ನು ವಾಸಿ ಮಾಡಬೇಕು. ಅದಕ್ಕೆ ಅವರು ಬಳಸಿದ್ದು ಫೋಟೊಲಯೇಸ್. 1976ರ ವಿದ್ಯಾರ್ಥಿ ಕ್ಲೋನ್ ಮಾಡಿದ ಕಿಣ್ವದ ಕುಲ ಸುಮಾರು ನಲವತ್ತು ವರ್ಷಗಳ ಬಳಿಕ ಅದೇ ಮನುಷ್ಯನ ಪ್ರಯೋಗಾಲಯದಲ್ಲಿ ಇನ್ನೊಂದು ಕೆಲಸಕ್ಕೆ ಒದಗಿತು.

ಈ ನಕ್ಷೆಯಿಂದ ತಿಳಿದದ್ದೇನು? ವಂಶವಾಹಿಯನ್ನು ಓದುವ ಯಂತ್ರ ಗಾಯದ ಬಳಿ ಸಿಕ್ಕಿಕೊಂಡಾಗ ದುರಸ್ತಿಗೆ ಕರೆ ಹೋಗುವುದು ಒಂದು ದಾರಿ. ಇಡೀ ಜೀನೋಮನ್ನು ಎಕ್ಸ್‌ಪಿಸಿ ತಡಕಾಡುವುದು ಇನ್ನೊಂದು. ಎಕ್ಸ್‌ಪಿಸಿ ಇಲ್ಲದ ರೋಗಿಯ ಕೋಶಗಳಲ್ಲಿ ತುಣುಕುಗಳು ಓದಲ್ಪಡುವ ಎಳೆಯಿಂದ ಮಾತ್ರ ಬಂದವು. ಸಿಎಸ್‌ಬಿ ಎಂಬ ಪ್ರೋಟೀನಿಲ್ಲದ ಕೋಶಗಳಲ್ಲಿ ಆ ಪಕ್ಷಪಾತ ಮಾಯವಾಯಿತು. ಅದಕ್ಕೂ ಮುಂಚೆ ಕೆಲವೇ ವಂಶವಾಹಿಗಳಲ್ಲಿ ಕಂಡಿದ್ದ ಸಂಗತಿ ಇಡೀ ಜೀನೋಮ್‌ಗೆ ನಿಜವೆಂದು ಗೊತ್ತಾಯಿತು. ಮುಂದಿನ ವರ್ಷ ಬಂದ ಅಧ್ಯಯನ ತಡವಾಗಿ ದುರಸ್ತಿಯಾಗುವ ಭಾಗಗಳಿಗೂ ಮೆಲನೋಮ ಗಡ್ಡೆಗಳಲ್ಲಿ ಉತ್ಪರಿವರ್ತನೆ ಹೆಚ್ಚಿರುವ ಭಾಗಗಳಿಗೂ ಹೊಂದಾಣಿಕೆ ತೋರಿಸಿತು. 2017ರಲ್ಲಿ ಬೆಂಜೊಪೈರೀನ್ ಗಾಯದ ನಕ್ಷೆಯೂ ಬಂತು. ಅಲ್ಲಿ ಗಾಯ ವಾಸಿ ಮಾಡುವ ಬದಲು, ಗಾಯವನ್ನು ದಾಟಿ ನಕಲು ಮಾಡಬಲ್ಲ ಪಾಲಿಮರೇಸ್ ಬಳಸಿದರು. ಬೆಂಜೊಪೈರೀನ್ ಸಿಗರೇಟಿನದಷ್ಟೇ ಅಲ್ಲ, ಬೀಡಿಯ ಹೊಗೆಯಲ್ಲೂ ಇದೆ.

ಸಿಸ್‌ಪ್ಲಾಟಿನ್ ವಿಷಯಕ್ಕೆ ಬಂದರೆ ದುರಸ್ತಿಯ ಎರಡನೆಯ ಮುಖ ಕಾಣಿಸುತ್ತದೆ. ಮಿಷಿಗನ್‌ನ ಬಾರ್ನೆಟ್ ರೋಸೆನ್‌ಬರ್ಗ್ ವಿದ್ಯುತ್ ಕ್ಷೇತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದಾಗ, ಪ್ಲಾಟಿನಂ ತಂತುಗಳಿಂದ ಹೊರಬಂದ ಸಂಯುಕ್ತ ಅವುಗಳ ವಿಭಜನೆಯನ್ನು ತಡೆಯುತ್ತದೆ ಎಂದು 1965ರಲ್ಲಿ ವರದಿ ಮಾಡಿದರು. ಅಂಥ ಸಂಯುಕ್ತವಾದ ಸಿಸ್‌ಪ್ಲಾಟಿನ್ ಅನ್ನು 1978ರಲ್ಲಿ ಅಮೆರಿಕ ಔಷಧಿಯಾಗಿ ಒಪ್ಪಿತು. ವೃಷಣದ ಕ್ಯಾನ್ಸರ್ ಹರಡಿದ ಮೇಲೂ ಬಹುಪಾಲು ರೋಗಿಗಳು ಗುಣವಾಗುವಂತಾದದ್ದು ಇದರಿಂದ. ಔಷಧಿ ಕೆಲಸ ಮಾಡುವುದು ಗಡ್ಡೆಯ ಡಿಎನ್‌ಎಯನ್ನು ಗಾಯಗೊಳಿಸಿ. ಛೇದನ ದುರಸ್ತಿ ಆ ಗಾಯವನ್ನು ತೆಗೆದುಹಾಕಿದರೆ ಗಡ್ಡೆ ಉಳಿಯುತ್ತದೆ. ಚರ್ಮವನ್ನು ಬಿಸಿಲಿನಿಂದ ಕಾಯುವ ಅದೇ ಕೈ ಇಲ್ಲಿ ರೋಗವನ್ನು ಕಾಯುತ್ತದೆ. ಸಂಜಾರ್ ಗುಂಪು 2016ರಲ್ಲಿ ಸಿಸ್‌ಪ್ಲಾಟಿನ್ ಗಾಯದ ನಕ್ಷೆಯನ್ನೂ ದುರಸ್ತಿಯ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿತು: ಗಾಯಗಳು ಜೀನೋಮ್‌ನಲ್ಲಿ ಬಹುತೇಕ ಸಮನಾಗಿ ಹರಡಿರುತ್ತವೆ, ದುರಸ್ತಿ ಮಾತ್ರ ಜಾಗದಿಂದ ಜಾಗಕ್ಕೆ ಬೇರೆ. ಔಷಧಿಯ ಪರಿಣಾಮ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಹೆಚ್ಚಾಗಿ ದುರಸ್ತಿಯೇ ಎಂಬುದು ಇದರ ಅರ್ಥ.

ಹಾಗಾದರೆ ಗಡ್ಡೆಯಲ್ಲಿ ದುರಸ್ತಿ ಎಷ್ಟಿದೆ ಎಂದು ಅಳೆದು ಔಷಧಿ ನಿರ್ಧರಿಸಬಹುದಲ್ಲ? ತರ್ಕ ಸರಿ, ಅನುಭವ ಮಾತ್ರ ಕಹಿ. 2006ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಅಧ್ಯಯನ, ಶ್ವಾಸಕೋಶದ ಗಡ್ಡೆಯಲ್ಲಿ ಇಆರ್‌ಸಿಸಿ1 ಪ್ರೋಟೀನು ಕಾಣದ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ಬಳಿಕ ಸಿಸ್‌ಪ್ಲಾಟಿನ್‌ನಿಂದ ಲಾಭವಾಯಿತು, ಕಂಡವರಿಗೆ ಆಗಲಿಲ್ಲ ಎಂದಿತು. ಭಾರಿ ಉತ್ಸಾಹ ಹುಟ್ಟಿತು. 2013ರಲ್ಲಿ ಅದೇ ಪತ್ರಿಕೆಯಲ್ಲಿ ಮರುಪರೀಕ್ಷೆ ಬಂದಾಗ ಹಳೆಯ ಫಲಿತಾಂಶ ಸಿಗಲಿಲ್ಲ. ಪರೀಕ್ಷೆಗೆ ಬಳಸಿದ ಪ್ರತಿಕಾಯದ ಗುಣ ತಯಾರಿಕೆಯ ಬ್ಯಾಚಿನಿಂದ ಬ್ಯಾಚಿಗೆ ಬದಲಾಗಿತ್ತು. ಅದಕ್ಕಿಂತ ಗಂಭೀರವಾದದ್ದು, ಇಆರ್‌ಸಿಸಿ1ರ ನಾಲ್ಕು ರೂಪಗಳಲ್ಲಿ ದುರಸ್ತಿಗೆ ಒದಗುವುದು ಒಂದೇ, ಆ ಒಂದನ್ನೇ ಪ್ರತ್ಯೇಕವಾಗಿ ಗುರುತಿಸುವ ಪ್ರತಿಕಾಯ ಇರಲಿಲ್ಲ. ಯಂತ್ರದ ಒಂದು ಬಿಡಿಭಾಗವನ್ನು ಎಣಿಸಿ ಯಂತ್ರ ಓಡುತ್ತಿದೆಯೇ ಎಂದು ಹೇಳಲು ಹೊರಟದ್ದರ ಫಲ ಅದು. ತುಣುಕನ್ನೇ ಅಳೆಯುವ ವಿಧಾನದ ಮಹತ್ವ ನನಗೆ ಇಲ್ಲಿ ಕಾಣುತ್ತದೆ: ಬಿಸುಟ ತುಣುಕು ಸಿಕ್ಕಿತೆಂದರೆ ದುರಸ್ತಿ ನಡೆದಿದೆ ಎಂದೇ ಅರ್ಥ. ಆದರೆ ಈ ವಿಧಾನ ರೋಗಿಯ ಹಾಸಿಗೆಯ ಪಕ್ಕಕ್ಕೆ ಇನ್ನೂ ಬಂದಿಲ್ಲ. ಅದಕ್ಕೆ ಬೇಕಾಗುವ ಕೋಶಗಳ ಪ್ರಮಾಣವೂ ಶ್ರಮವೂ ದೊಡ್ಡವು.

ಕೊನೆಯದು ದೇಹದ ಗಡಿಯಾರದ ವಿಷಯ. ಅಲ್ಲಿಗೆ ದಾರಿ ಮಾಡಿದ್ದೂ ಫೋಟೊಲಯೇಸೇ. ಫೋಟೊಲಯೇಸ್ ಮನುಷ್ಯರಲ್ಲಿ ಇಲ್ಲ ಎಂದು 1993ರಲ್ಲಿ ಸಂಜಾರ್ ಗುಂಪು ಸಾಧಿಸಿತ್ತು. ಕಾಂಗರೂ ಜಾತಿಯ ಪ್ರಾಣಿಗಳಲ್ಲಿ ಇದೆ, ನಮ್ಮಂಥ ಜರಾಯು ಇರುವ ಸಸ್ತನಿಗಳಲ್ಲಿ ಇಲ್ಲ. ಆದರೆ ಅದನ್ನೇ ಹೋಲುವ, ದುರಸ್ತಿ ಮಾತ್ರ ಮಾಡದ ಎರಡು ಪ್ರೋಟೀನುಗಳು ಮನುಷ್ಯರಲ್ಲಿ ಸಿಕ್ಕವು. ಅವೇ ಕ್ರಿಪ್ಟೊಕ್ರೋಮ್‌ಗಳು. ದೇಹದ ದಿನಚರಿಯ ಗಡಿಯಾರಕ್ಕೆ ಬೆಳಕಿನ ಸುದ್ದಿ ಕೊಡುವವು ಇವೇ ಎಂದು ಸಂಜಾರ್ ಊಹಿಸಿದರು. ಗಡಿಯಾರಕ್ಕೆ ಇವು ಬೇಕು ಎಂಬ ಭಾಗ ನಿಜವಾಯಿತು. ಸಸ್ತನಿಗಳಲ್ಲಿ ಬೆಳಕಿನ ಸುದ್ದಿ ಒಯ್ಯುವ ಮುಖ್ಯ ಪಾತ್ರ ಮೆಲನೋಪ್ಸಿನ್ ಎಂಬ ಇನ್ನೊಂದು ಪ್ರೋಟೀನಿಗೆ ಹೋಯಿತು. ಕ್ರಿಪ್ಟೊಕ್ರೋಮ್ ಇಲ್ಲಿ ಬೆಳಕಿನ ಹಂಗಿಲ್ಲದೆ ಗಡಿಯಾರದ ವಂಶವಾಹಿಗಳನ್ನು ತಡೆಯುವ ಕೆಲಸ ಮಾಡುತ್ತದೆ.

ಅಲ್ಲಿಂದ ಸಂಜಾರ್ ಕೇಳಿದ ಪ್ರಶ್ನೆ: ದುರಸ್ತಿಯೂ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆಯೇ? 2009ರಲ್ಲಿ ಇಲಿಯ ಮೆದುಳಿನಲ್ಲಿ ಉತ್ತರ ಸಿಕ್ಕಿತು. ಎಕ್ಸ್‌ಪಿಎ ಪ್ರೋಟೀನಿನ ಪ್ರಮಾಣ ದಿನದಲ್ಲಿ ಏರಿಳಿಯುತ್ತದೆ, ಸಂಜೆಯ ಹೊತ್ತಿಗೆ ದುರಸ್ತಿ ಹೆಚ್ಚು, ನಸುಕಿನಲ್ಲಿ ಕಡಿಮೆ. 2011ರಲ್ಲಿ ಶೋಭನ್ ಗದ್ದಮೀದಿ ಮುಂತಾದವರೊಡನೆ ಮಾಡಿದ ಪ್ರಯೋಗದಲ್ಲಿ ಕೂದಲಿಲ್ಲದ ಇಲಿಗಳ ಒಂದು ಗುಂಪಿಗೆ ಬೆಳಗಿನ ಜಾವ 4 ಗಂಟೆಗೆ, ಇನ್ನೊಂದಕ್ಕೆ ಸಂಜೆ 4 ಗಂಟೆಗೆ ಅತಿನೇರಳೆ ಕಿರಣ ಕೊಟ್ಟರು. ಬೆಳಗಿನ ಗುಂಪಿನಲ್ಲಿ ಗಡ್ಡೆಗಳು ಬೇಗ ಕಾಣಿಸಿಕೊಂಡವು, ಸಂಖ್ಯೆಯಲ್ಲೂ ಸುಮಾರು ಐದು ಪಟ್ಟು ಹೆಚ್ಚಿದ್ದವು. 2018ರಲ್ಲಿ ಇಲಿಯ ಯಕೃತ್ತು, ಮೂತ್ರಪಿಂಡಗಳಲ್ಲಿ ಸಿಸ್‌ಪ್ಲಾಟಿನ್ ಗಾಯದ ದುರಸ್ತಿ ನೋಡಿದಾಗ ಚಿತ್ರ ಇನ್ನಷ್ಟು ತೊಡಕಾಯಿತು: ಓದಲ್ಪಡದ ಎಳೆಯ ದುರಸ್ತಿ ಎಕ್ಸ್‌ಪಿಎ ಜೊತೆ ಒಂದೇ ಲಯದಲ್ಲಿ ಏರಿಳಿಯುತ್ತದೆ, ಓದಲ್ಪಡುವ ಎಳೆಯ ದುರಸ್ತಿಯಾದರೆ ಆಯಾ ವಂಶವಾಹಿ ಕೆಲಸಕ್ಕಿಳಿಯುವ ಹೊತ್ತನ್ನು ಅನುಸರಿಸುತ್ತದೆ.

ಇದನ್ನು ಓದಿ ‘ಬೆಳಿಗ್ಗೆ ಬಿಸಿಲು ಕಾಯಬೇಡಿ’ ಎಂದು ಹೇಳುವುದು ಎರಡು ಬಾರಿ ತಪ್ಪು. ಇಲಿ ರಾತ್ರಿ ಓಡಾಡುವ ಪ್ರಾಣಿ, ನಾವು ಹಗಲಿನವರು. ಸಂಜಾರ್ ಗುಂಪಿನ ಊಹೆಯಂತೆ ಮನುಷ್ಯರಲ್ಲಿ ಲಯ ತಿರುಗುಮುರುಗಾಗಿ, ಬೆಳಿಗ್ಗೆಯೇ ದುರಸ್ತಿ ಹೆಚ್ಚಿರಬೇಕು. ಅಲ್ಲದೆ ಪ್ರಯೋಗದಲ್ಲಿ ಎರಡೂ ಹೊತ್ತಿನ ಕಿರಣದ ಪ್ರಮಾಣ ಒಂದೇ ಇತ್ತು. ನಿಜವಾದ ಬಿಸಿಲಿನಲ್ಲಿ ಅತಿನೇರಳೆ ಕಿರಣದ ತೀವ್ರತೆ ನಡುಮಧ್ಯಾಹ್ನ ಹೆಚ್ಚು, ಆ ವ್ಯತ್ಯಾಸ ಗಡಿಯಾರದ ಲೆಕ್ಕವನ್ನು ನುಂಗಿಹಾಕಬಲ್ಲದು. ಸಿಸ್‌ಪ್ಲಾಟಿನ್ ವಿಷಯದಲ್ಲೂ ಇದೇ ಎಚ್ಚರ ಬೇಕು. ಮೂತ್ರಪಿಂಡಕ್ಕೆ ಆಗುವ ಹಾನಿ ಕಡಿಮೆ ಮಾಡಿ ಗಡ್ಡೆಗೆ ಪೆಟ್ಟು ಹೆಚ್ಚಿಸುವ ಹೊತ್ತೊಂದು ಸಿಗಬಹುದು ಎಂಬ ಆಸೆ ಆಧಾರವಿಲ್ಲದ್ದಲ್ಲ. ಆದರೆ ಗಡ್ಡೆಯ ಕೋಶಗಳ ಗಡಿಯಾರ ಎಷ್ಟೋ ಸಲ ಹದ ತಪ್ಪಿರುತ್ತದೆ, ಇಲಿಯ ಯಕೃತ್ತಿನ ಲಯ ಮನುಷ್ಯನ ಗಡ್ಡೆಯ ಲಯವಲ್ಲ. ದುರಸ್ತಿಯ ನಕ್ಷೆ ನೋಡಿ ಸಿಸ್‌ಪ್ಲಾಟಿನ್ ಕೊಡುವ ಗಂಟೆ ಗೊತ್ತುಮಾಡುವುದು ಇಂದಿನ ಸಾಮಾನ್ಯ ಚಿಕಿತ್ಸಾಕ್ರಮದಲ್ಲಿ ಇಲ್ಲ. ಕಿಮೊಥೆರಪಿಯಲ್ಲಿರುವವರು ಇಂಥ ಸುದ್ದಿ ಓದಿ ತಮ್ಮಷ್ಟಕ್ಕೆ ಸಮಯ ಬದಲಿಸಿಕೊಳ್ಳುವುದಾಗಲಿ, ಒಂದು ಸರದಿ ಮುಂದೂಡುವುದಾಗಲಿ ಮಾಡಬಾರದು. ತಪ್ಪಿದ ಸರದಿಯಿಂದ ಆಗುವ ನಷ್ಟ ನಿಶ್ಚಿತ, ಗಂಟೆ ಬದಲಿಸಿದ್ದರ ಲಾಭ ಇನ್ನೂ ಊಹೆ.